ಅಂಕ ಲೋಟಕ್ಕೆ, ರೇಟು ತೂಕಕ್ಕೆ

ಪುಣೆಯಲ್ಲಿ ಈಗ ಕಾಫಿಪುಡಿ ಕೊಳ್ಳುವುದೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೋಡುವುದೂ ಒಂದೇ ಆಗಿಬಿಟ್ಟಿದೆ. ಕಾಲು ಕೆಜಿ ಪೊಟ್ಟಣದ ಮೇಲೆ ತೋಟದ ಹೆಸರು, ಸಮುದ್ರಮಟ್ಟದಿಂದ ಎಷ್ಟು ಎತ್ತರ, ಯಾವ ತಳಿ, ಹಣ್ಣನ್ನು ಹೇಗೆ ಸಂಸ್ಕರಿಸಿದ್ದು, ಅದರ ಕೆಳಗೆ ‘ಕಿತ್ತಳೆ, ಕ್ಯಾರಮೆಲ್, ಮಲ್ಲಿಗೆ’ ಎಂದು ಮೂರು ಪದ, ಕೊನೆಗೆ ದಪ್ಪ ಅಕ್ಷರದಲ್ಲಿ ಒಂದು ಅಂಕಿ: 84.5. ನಮ್ಮ ಕನ್ನಡದವರೇ ಆ ಪೊಟ್ಟಣದ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ‘ನಮ್ಮ ಚಿಕ್ಕಮಗಳೂರಿಂದು, 84.5 ಬಂದಿದೆ’ ಎಂದು ಮಗನಿಗೆ ರ‍್ಯಾಂಕ್ ಬಂದಷ್ಟು ಹೆಮ್ಮೆಯಿಂದ ಬರೆಯುತ್ತಾರೆ. ಅಭಿನಂದನೆಗಳು ಸಾಲುಸಾಲಾಗಿ ಬರುತ್ತವೆ. ಈ ಅಂಕ ಕೊಟ್ಟವರು ಯಾರು, ಯಾವುದಕ್ಕೆ ಕೊಟ್ಟರು, ಅದರಿಂದ ತೋಟದವನ ಕೈಗೆ ಎಷ್ಟು ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಕಾಫಿ ಪಂಡಿತನಲ್ಲ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಕೆಳಗಿನವರಿಗೆ ರೇಟಿಂಗ್ ಕೊಡುವುದು, ನನ್ನ ರೇಟಿಂಗಿಗಾಗಿ ಮೇಲಿನವರ ಮುಖ ನೋಡುವುದು, ವರ್ಷಕ್ಕೊಮ್ಮೆ ಬರುವ ಈ ಹಬ್ಬ ನನಗೆ ಅಭ್ಯಾಸವಾಗಿದೆ. ಒಂದು ಸಂಖ್ಯೆ ಹೇಗೆ ಹುಟ್ಟುತ್ತದೆ, ಹುಟ್ಟಿದ ಮೇಲೆ ತಾನು ಎಲ್ಲಿಂದ ಬಂದೆ ಅನ್ನುವುದನ್ನೇ ಹೇಗೆ ಮರೆಸಿಬಿಡುತ್ತದೆ ಅನ್ನುವುದು ಚೆನ್ನಾಗಿ ಗೊತ್ತು. ಜೊತೆಗೆ ಸಕಲೇಶಪುರದ ಕಡೆ ನನ್ನ ಸೋದರಮಾವನದು ನಾಲ್ಕು ಎಕರೆ ರೊಬಸ್ಟಾ ತೋಟವಿದೆ. ಹಾಗಾಗಿ ಕಾಫಿಯ ಎರಡೂ ತುದಿ ನನಗೆ ಕಾಣುತ್ತದೆ.

ಕಾಫಿಗೆ ಅಂಕ ಕೊಡುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಇವತ್ತು ಅಂಕ ನಗರದ ಅಂಗಡಿಯಲ್ಲೇ ಉಳಿದುಕೊಂಡಿದೆ, ರೇಟು ತೋಟದ ಕಣದಲ್ಲಿ ತೂಕದ ಮೇಲೆಯೇ ನಿಂತಿದೆ. ಇವೆರಡೂ ಒಂದೇ ಹಾಳೆಗೆ ಬರುವ ತನಕ ಆ ಅಂಕ ಬೆಳೆಗಾರನಿಗೆ ಬರೀ ಬಿರುದು, ಮಾರುವವನಿಗೆ ಲಾಭ, ಕುಡಿಯುವ ನಮಗೆ ಜಂಭ. ನನ್ನ ಜಗಳ ಇಷ್ಟರ ಮೇಲೆ.

ಅಂಕ ಹುಟ್ಟುವ ಬಗೆ

ರುಚಿ ನೋಡುವ ಈ ಪದ್ಧತಿಗೆ ಕಪ್ಪಿಂಗ್ ಅನ್ನುತ್ತಾರೆ. ಬೀಜವನ್ನು ತಿಳಿಯಾಗಿ ಹುರಿದು, ಎಂಟರಿಂದ ಇಪ್ಪತ್ತನಾಲ್ಕು ಗಂಟೆ ಬಿಟ್ಟು, ತರಿತರಿಯಾಗಿ ಪುಡಿ ಮಾಡುತ್ತಾರೆ. 150 ಮಿ.ಲೀ. ನೀರಿಗೆ 8.25 ಗ್ರಾಂ ಪುಡಿ ಎಂಬ ಲೆಕ್ಕ. ಒಂದೇ ಕಾಫಿಗೆ ಐದು ಬಟ್ಟಲು ಇಡುತ್ತಾರೆ. ಎಲ್ಲೋ ಒಂದು ಕೆಟ್ಟ ಬೀಜ ಸೇರಿಕೊಂಡಿದ್ದರೆ ಐದರಲ್ಲಿ ಒಂದಾದರೂ ಬಟ್ಟಲು ಅದನ್ನು ಹಿಡಿದುಕೊಡಲಿ ಎಂದು. ಮೊದಲು ಒಣಪುಡಿಯ ಘಮ ನೋಡುತ್ತಾರೆ. ಆಮೇಲೆ ಸುಮಾರು 93 ಡಿಗ್ರಿ ಸೆಲ್ಸಿಯಸ್ ಬಿಸಿನೀರು ಹುಯ್ಯುತ್ತಾರೆ. ಸೋಸುವುದಿಲ್ಲ, ಹಾಲಿಲ್ಲ, ಸಕ್ಕರೆಯಿಲ್ಲ. ನಾಲ್ಕು ನಿಮಿಷಕ್ಕೆ ಮೇಲೆ ಕಟ್ಟಿಕೊಂಡ ಪುಡಿಯ ಪದರವನ್ನು ಚಮಚದಿಂದ ಒಡೆದು ಮತ್ತೆ ಮೂಸುತ್ತಾರೆ. ಸ್ವಲ್ಪ ಆರಿದ ಮೇಲೆ ಚಮಚದಲ್ಲಿ ತೆಗೆದು ಸೊರ್ರೆಂದು ಎಳೆದು, ಬಾಯಿತುಂಬ ಹರಡಿಸಿ ಉಗುಳುತ್ತಾರೆ. ಬಿಸಿ ಇಳಿದಂತೆಲ್ಲ ಮತ್ತೆ ಮತ್ತೆ ರುಚಿ ನೋಡುತ್ತಾರೆ, ಏಕೆಂದರೆ ಬಿಸಿಯಲ್ಲಿ ಅಡಗಿದ ದೋಷ ಆರಿದ ಮೇಲೆ ನಾಲಿಗೆಗೆ ಸಿಗುತ್ತದೆ.

ಬರೆದುಕೊಳ್ಳುವ ನಮೂನೆ ಅಮೆರಿಕದ ಸ್ಪೆಷಾಲ್ಟಿ ಕಾಫಿ ಸಂಘದ್ದು, 2004ರದ್ದು. ಆ ಸಂಘವೂ ಯುರೋಪಿನ ಸಂಘವೂ 2017ರಲ್ಲಿ ಒಂದಾಗಿ ಎಸ್‌ಸಿಎ ಆದವು. ನಮೂನೆಯಲ್ಲಿ ಹತ್ತು ಕಾಲಂ: ಘಮ, ರುಚಿ, ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿ, ಹುಳಿ, ಬಾಯಿಗೆ ತಾಕುವ ಮಂದತೆ, ಹದ, ಐದು ಬಟ್ಟಲೂ ಒಂದೇ ಥರ ಇವೆಯೇ ಎಂಬುದು, ಶುಚಿ, ಸಿಹಿ, ಕೊನೆಗೆ ‘ಒಟ್ಟಾರೆ’. ಒಂದೊಂದಕ್ಕೆ ಹತ್ತು, ಒಟ್ಟು ನೂರು. ದೋಷವಿದ್ದರೆ ಕಳೆಯುತ್ತಾರೆ. 80 ದಾಟಿದರೆ ‘ಸ್ಪೆಷಾಲ್ಟಿ’, ದಾಟದಿದ್ದರೆ ಸಾಮಾನ್ಯ ಕಾಫಿ.

ಈಗ ಒಂದು ಸಣ್ಣ ಗಣಿತ ಮಾಡೋಣ. ಏಕರೂಪ, ಶುಚಿ, ಸಿಹಿ ಈ ಮೂರು ಕಾಲಮ್ಮಿಗೆ ಬಟ್ಟಲಿಗೆ ಎರಡರಂತೆ ಅಂಕ. ಕೊಳೆತು ಹುಳಿತು ಹೋಗಿರದ ಯಾವ ನೆಟ್ಟಗಿನ ಕಾಫಿಗೂ ಅಲ್ಲಿ ಮೂವತ್ತಕ್ಕೆ ಮೂವತ್ತು ಸಿಗುತ್ತದೆ. ಉಳಿದದ್ದು ಏಳು ಕಾಲಂ. ಅವುಗಳಲ್ಲಿ ಅಂಕ ಆರರಿಂದ ಶುರು, ಕಾಲು ಕಾಲು ಅಂಕದ ಮೆಟ್ಟಿಲು. ಏಳರಲ್ಲೂ ಏಳು ಬಂದರೆ 49, ಮೂವತ್ತು ಸೇರಿ 79. ಸ್ಪೆಷಾಲ್ಟಿ ಅಲ್ಲ. ಅದರಲ್ಲಿ ನಾಲ್ಕು ಕಾಲಮ್ಮಿಗೆ ಕಾಲು ಕಾಲು ಅಂಕ ಹೆಚ್ಚು ಬಂತು ಅನ್ನಿ, 80. ಸ್ಪೆಷಾಲ್ಟಿ! ಏಳರಲ್ಲೂ ಎಂಟು ಬಂದರೆ 86. ಅಂದರೆ ನಮ್ಮ ಅಂಗಡಿಗಳಲ್ಲಿ ಕಾಣುವ 81, 83, 84.5, 86 ಎಂಬ ಇಡೀ ಜಾತಿಪದ್ಧತಿ ಏಳಕ್ಕೂ ಎಂಟಕ್ಕೂ ನಡುವಿನ ಆ ಒಂದೇ ಒಂದು ಅಂಕದ ಸಂದಿಯಲ್ಲಿ ಕೂತಿದೆ. ನಮೂನೆಯ ಭಾಷೆಯಲ್ಲೇ ಹೇಳುವುದಾದರೆ ಏಳು ಎಂದರೆ ‘ಬಹಳ ಚೆನ್ನ’, ಎಂಟು ಎಂದರೆ ‘ಅತ್ಯುತ್ತಮ’. ಬಹಳ ಚೆನ್ನಕ್ಕೂ ಅತ್ಯುತ್ತಮಕ್ಕೂ ನಡುವೆ ಮೂರು ಮೆಟ್ಟಿಲು ಕಡೆದು, ಅದರ ಮೇಲೆ ಬೆಲೆಪಟ್ಟಿ ತೂಗುಹಾಕಿದ್ದೇವೆ.

ಇದನ್ನು ಹೇಳಿದ ಕೂಡಲೇ ರುಚಿ ನೋಡುವವರನ್ನು ಗೇಲಿ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಕ್ಯೂ ಗ್ರೇಡರ್ ಎಂಬ ಪರೀಕ್ಷೆ ಪಾಸು ಮಾಡುವುದು ಹುಡುಗಾಟದ ಮಾತಲ್ಲ. ಮೂರು ಬಟ್ಟಲಲ್ಲಿ ಬೇರೆ ಇರುವ ಒಂದನ್ನು ಹುಡುಕಬೇಕು, ಪುಟ್ಟ ಸೀಸೆಗಳಲ್ಲಿನ ಪರಿಮಳ ಗುರುತಿಸಬೇಕು, ಯಾವ ಆಮ್ಲ ಎಂದು ನಾಲಿಗೆಯಿಂದ ಹೇಳಬೇಕು. ಬೂಸ್ಟು ಹಿಡಿದ ಬೀಜ, ಅತಿಯಾಗಿ ಹುಳಿತ ಹಣ್ಣು, ಔಷಧದ ವಾಸನೆ ಬರುವ ಬೀಜ, ಇವನ್ನು ಅವರು ಕ್ಷಣದಲ್ಲಿ ಹಿಡಿಯುತ್ತಾರೆ. ಅದು ಸಾಣೆ ಹಿಡಿದ ನಾಲಿಗೆ. ದೋಷ ಹಿಡಿಯುವ ಕೆಲಸದಲ್ಲಿ ಅವರ ಮಾತಿಗೆ ನಾನು ತಲೆಬಾಗುತ್ತೇನೆ.

ತೊಂದರೆ ಇರುವುದು ಬೇರೆ ಕಡೆ. ಲೋಟದಲ್ಲಿ ಏನಿದೆ ಎಂಬುದನ್ನೂ, ಅದು ನನಗೆ ಎಷ್ಟು ಹಿಡಿಸಿತು ಎಂಬುದನ್ನೂ ಈ ನಮೂನೆ ಒಂದೇ ಅಂಕದಲ್ಲಿ ಕಲಸಿಬಿಟ್ಟಿದೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕೆಂದರೆ, ಎಷ್ಟು ಬಗ್ ಇವೆ ಎಂಬ ಲೆಕ್ಕವನ್ನೂ ಗಿರಾಕಿಗೆ ಎಷ್ಟು ಖುಷಿಯಾಯಿತು ಎಂಬುದನ್ನೂ ಕೂಡಿಸಿ ಒಂದು ಸಂಖ್ಯೆ ಬರೆದಂತೆ. ‘ಒಟ್ಟಾರೆ’ ಎಂಬ ಹತ್ತನೆಯ ಕಾಲಮ್ಮಂತೂ ಬಾಯಿಬಿಟ್ಟು ಹೇಳುತ್ತದೆ, ಇದು ರುಚಿ ನೋಡಿದವನ ಸ್ವಂತ ಅಭಿಪ್ರಾಯ ಎಂದು. ಇದು ನನ್ನೊಬ್ಬನ ಆರೋಪವೂ ಅಲ್ಲ. ಎಸ್‌ಸಿಎ ತಾನೇ ಈ ಗೊಂದಲ ಒಪ್ಪಿಕೊಂಡು 2023ರಲ್ಲಿ ಹೊಸ ಪದ್ಧತಿ ತಂದಿತು. ಅದರಲ್ಲಿ ನಾಲ್ಕು ಭಾಗ: ಹಸಿ ಬೀಜದ ಪರೀಕ್ಷೆ, ಲೋಟದಲ್ಲಿ ಏನಿದೆ ಎಂಬ ವರ್ಣನೆ, ಎಷ್ಟು ಮೆಚ್ಚುಗೆಯಾಯಿತು ಎಂಬ ಅಂಕ, ಇನ್ನು ಲೋಟದ ಹೊರಗಿನ ಸಂಗತಿ, ಅಂದರೆ ಯಾರು ಬೆಳೆದದ್ದು, ಎಲ್ಲಿ, ಹೇಗೆ. ವರ್ಣನೆ ಬೇರೆ, ಮೆಚ್ಚುಗೆ ಬೇರೆ ಎಂದು ಗೆರೆ ಎಳೆದರು. ಆದರೂ ಮಾರುಕಟ್ಟೆಗೆ ಬೇಕಾದದ್ದು ನೂರರೊಳಗಿನ ಒಂದು ಅಂಕಿ ತಾನೆ? ಮೆಚ್ಚುಗೆಯನ್ನು ನೂರಕ್ಕೆ ಪರಿವರ್ತಿಸುವ ಲೆಕ್ಕವನ್ನೂ ಜೊತೆಗೇ ಇಟ್ಟುಕೊಂಡರು. ಪೊಟ್ಟಣದ ಮೇಲೆ ಬರುವುದು ಅದೇ. ವರ್ಣನೆಗೂ ಮೆಚ್ಚುಗೆಗೂ ನಡುವೆ ಎಳೆದ ಗೆರೆ ಪೊಟ್ಟಣದ ತನಕ ಬರುವುದಿಲ್ಲ.

ಕಾಲು ಅಂಕದ ನಿಖರತೆ ಮನುಷ್ಯನ ನಾಲಿಗೆಗೆ ಸಾಧ್ಯವೇ? ಪಕ್ಕದ ಮನೆಯ ಉದಾಹರಣೆ ನೋಡಿ. ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಎಂಬ ದೊಡ್ಡ ವೈನ್ ಸ್ಪರ್ಧೆಯ ತೀರ್ಪುಗಾರರ ಮೇಲೆ ರಾಬರ್ಟ್ ಹಾಡ್ಜ್‌ಸನ್ ಎಂಬುವರು ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಒಂದೇ ಬಾಟಲಿಯ ವೈನನ್ನು ಗುಟ್ಟಾಗಿ ಮೂರು ಸಲ ಅದೇ ತೀರ್ಪುಗಾರರ ಮುಂದೆ ಇಟ್ಟರು. ಮೂರು ಸಲವೂ ಒಂದೇ ಪದಕದ ಮಟ್ಟದೊಳಗೆ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು ಮಾತ್ರ. ಕಾಫಿಯವರು ಇನ್ನೂ ಶಿಸ್ತಾಗಿ ಅಭ್ಯಾಸ ಮಾಡುತ್ತಾರೆ, ಒಪ್ಪೋಣ. ನಾಲಿಗೆ ಮಾತ್ರ ಇಬ್ಬರದೂ ಮನುಷ್ಯರದೇ.

ರುಚಿ ನೋಡುವವರು ಸೇರಿ ತಮ್ಮ ತಮ್ಮ ಅಂಕ ಒಂದಕ್ಕೊಂದು ಹೊಂದುವಂತೆ ಸರಿಮಾಡಿಕೊಳ್ಳುವುದಕ್ಕೆ ‘ಕ್ಯಾಲಿಬ್ರೇಷನ್’ ಅನ್ನುತ್ತಾರೆ. ಈ ಪದ ಕೇಳಿದರೆ ನಮ್ಮ ಓದುಗರಲ್ಲಿ ಅರ್ಧ ಜನಕ್ಕೆ ಮೈ ಉರಿಯಬೇಕು. ನಮ್ಮ ಕಚೇರಿಗಳಲ್ಲೂ ಅಪ್ರೈಸಲ್ ಮುಗಿದ ಮೇಲೆ ನಡೆಯುವ ಸಭೆಗೆ ಇದೇ ಹೆಸರು. ‘ನಿನ್ನ ಟೀಮಿನಲ್ಲಿ ಇಷ್ಟು ಜನಕ್ಕೆ ನಾಲ್ಕು ಕೊಡುವ ಹಾಗಿಲ್ಲ, ಒಬ್ಬನನ್ನು ಮೂರಕ್ಕೆ ಇಳಿಸು’ ಅನ್ನುವ ಸಭೆ. ಆ ಮೂರು ನಮಗೆ ಬಂದ ದಿನ ರೇಟಿಂಗ್ ಎಂಬುದೇ ಮೋಸ ಎಂದು ಕ್ಯಾಂಟೀನಿನಲ್ಲಿ ಭಾಷಣ ಮಾಡುವ ನಾವು, ಕಾಫಿ ಪೊಟ್ಟಣದ ಮೇಲಿನ 84.5 ಮಾತ್ರ ತಕ್ಕಡಿಯಲ್ಲಿ ತೂಗಿ ಬಂದದ್ದು ಎಂದು ನಂಬುತ್ತೇವೆ.

ಯಾರ ಲೋಟ?

ಈ ನಮೂನೆ ಹುಟ್ಟಿದ್ದು ಹಸಿ ಬೀಜ ಕೊಳ್ಳುವವರ ಕೋಣೆಯಲ್ಲಿ. ಅಮೆರಿಕದ, ಉತ್ತರ ಯುರೋಪಿನ ಗಿರಾಕಿ ಕುಡಿಯುವುದು ತಿಳಿಯಾಗಿ ಹುರಿದ, ಹಾಲಿಲ್ಲದ, ಅರೇಬಿಕಾ ಕಾಫಿ. ಅವನಿಗೆ ಬೇಕಾದ ಬೀಜ ಯಾವುದು ಎಂದು ತಿಳಿಯಲು ಅವನು ಮಾಡಿಕೊಂಡ ಅಳತೆಗೋಲು ಇದು. ತಪ್ಪೇನಿಲ್ಲ. ತಪ್ಪು ಅದನ್ನು ಕಾಫಿಯ ಅಳತೆಗೋಲು ಎಂದು ನಾವು ಓದುವುದು.

ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ರೊಬಸ್ಟಾ. ಒಟ್ಟು ಬೆಳೆಯಲ್ಲಿ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು, ಅಂದರೆ ಕೊಡಗು, ಚಿಕ್ಕಮಗಳೂರು, ಹಾಸನದ್ದು. ಅರೇಬಿಕಾಕ್ಕೆಂದು ಮಾಡಿದ ನಮೂನೆಯಲ್ಲಿ ರೊಬಸ್ಟಾ ಏನು ಮಾಡಿದರೂ ಹಿಂದಿನ ಬೆಂಚೇ. ಹುಳಿಗೆ ಒಂದು ಕಾಲಂ ಇದೆ, ರೊಬಸ್ಟಾದಲ್ಲಿ ಹುಳಿ ಕಡಿಮೆ. ಕಹಿಗೆ ಕಾಲಮ್ಮೇ ಇಲ್ಲ, ಇದ್ದರೆ ದೋಷವೆಂದೇ ಎಣಿಕೆ. ಹುಳಿಯ ಪ್ರಮಾಣಕ್ಕಲ್ಲ, ಗುಣಕ್ಕೆ ಅಂಕ ಕೊಡುತ್ತೇವೆ ಎಂದು ರುಚಿ ನೋಡುವವರು ಹೇಳುತ್ತಾರೆ. ಸರಿ. ಆದರೆ ಮಲ್ಲಿಗೆಯ ಸ್ಪರ್ಧೆಗೆ ದಾಸವಾಳವನ್ನು ಕರೆದು ‘ಪ್ರಮಾಣ ನೋಡುವುದಿಲ್ಲ, ಪರಿಮಳದ ಗುಣ ಮಾತ್ರ ನೋಡುತ್ತೇವೆ’ ಅಂದರೆ ದಾಸವಾಳಕ್ಕೇನು ಸಮಾಧಾನ? ಕೊನೆಗೆ 2010ರ ಹೊತ್ತಿಗೆ ಕಾಫಿ ಕ್ವಾಲಿಟಿ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಉಗಾಂಡದವರ ಜೊತೆ ಸೇರಿ ‘ಫೈನ್ ರೊಬಸ್ಟಾ’ಕ್ಕೆ ಬೇರೆಯದೇ ನಮೂನೆ ಮಾಡಿತು. ಅದರಲ್ಲಿ ಉಪ್ಪು-ಹುಳಿಯ ತೂಕ, ಕಹಿ-ಸಿಹಿಯ ತೂಕ ಎಂಬ ಕಾಲಂಗಳು ಬಂದವು. ಕಾಲಂ ಬದಲಾದ ಕೂಡಲೇ ನಿನ್ನೆ ತನಕ ಒರಟು ಅನ್ನಿಸಿಕೊಂಡ ಬೀಜಕ್ಕೂ 80 ದಾಟುವ ದಾರಿ ತೆರೆಯಿತು. ಬೀಜ ಅದೇ, ಗಿಡ ಅದೇ, ಪ್ರಶ್ನೆಪತ್ರಿಕೆ ಮಾತ್ರ ಬೇರೆ.

ಅತ್ತ ಇಟಲಿಯವರು ಯಾವ ಅಂಕಕ್ಕೂ ಕಾಯದೆ ನಮ್ಮ ರೊಬಸ್ಟಾ ಕೊಳ್ಳುತ್ತಲೇ ಬಂದಿದ್ದಾರೆ. ವರ್ಷಗಳಿಂದ ಭಾರತದ ಕಾಫಿಗೆ ಅತಿ ದೊಡ್ಡ ಗಿರಾಕಿ ಇಟಲಿಯೇ. ಎಸ್ಪ್ರೆಸೊ ಮೇಲೆ ನಿಲ್ಲುವ ಆ ದಪ್ಪ ನೊರೆಗೆ, ಮೈಕಟ್ಟಿಗೆ ನಮ್ಮ ತೊಳೆದ ರೊಬಸ್ಟಾ ಅವರಿಗೆ ಬೇಕು. ಮಾನ್ಸೂನ್ಡ್ ಮಲಬಾರ್ ನೋಡಿ. ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜವನ್ನು ಹರವಿ, ಊದಿಸಿ, ಹೊಂಬಣ್ಣಕ್ಕೆ ತಿರುಗಿಸುತ್ತಾರೆ. ಹುಳಿ ಕಳೆದುಕೊಳ್ಳುವುದೇ ಆ ಕಾಫಿಯ ಗುಣ. ಹುಳಿಗೆ ಅಂಕ ಕೊಡುವ ನಮೂನೆಯ ಮುಂದೆ ಅದನ್ನು ಇಟ್ಟರೆ ಯಾರನ್ನು ಪರೀಕ್ಷೆ ಮಾಡಿದಂತಾಯಿತು?

ಇನ್ನು ನಮ್ಮ ಮನೆಯ ಲೋಟ. ಹದವಾಗಿ ಕಪ್ಪಗೆ ಹುರಿದ ಬೀಜ, ಒಂದಿಷ್ಟು ಪೀಬರಿ, ಒಂದಿಷ್ಟು ರೊಬಸ್ಟಾ, ಮನೆಮನೆಗೆ ಬೇರೆಯಾದ ಚಿಕೋರಿ ಪಾಲು. ಗಟ್ಟಿ ಡಿಕಾಕ್ಷನ್, ಕಾದ ಹಾಲು. ಈ ಲೋಟದಲ್ಲಿ ಯಾವ ಬೀಜ ಚೆನ್ನಾಗಿ ನಿಲ್ಲುತ್ತದೆ ಎಂದು ಕಪ್ಪಿಂಗ್ ಕೋಣೆಯ ಅಂಕ ಹೇಳಲಾರದು, ಏಕೆಂದರೆ ಅಲ್ಲಿ ಯಾರೂ ಅದನ್ನು ಕೇಳಲೇ ಇಲ್ಲ. ಹಾಲಿಗೆ ಬಿದ್ದ ಕೂಡಲೇ ಮಲ್ಲಿಗೆ, ಕಿತ್ತಳೆಗಳು ಮುಳುಗಿ ಹೋಗುತ್ತವೆ. ನಿಲ್ಲುವುದು ಮಂದತೆ, ಕಹಿ, ಹುರಿದ ಘಮ. ಆ ಗುಣ ಇರುವ ಬೀಜ ಬೆಳೆದವನು ನಮ್ಮ ಪಾಲಿಗೆ ಒಳ್ಳೆಯ ಬೆಳೆಗಾರ. ಆದರೆ ಅವನಿಗೆ ಅಂಕವಿಲ್ಲ.

ಪದಗಳ ಮಾತೂ ಇದೆ. ರುಚಿಗೆ ಹೆಸರಿಡುವ ಬಣ್ಣಬಣ್ಣದ ಚಕ್ರ 1995ರಲ್ಲಿ ಬಂತು, 2016ರಲ್ಲಿ ಹೊಸದಾಯಿತು. ಹೊಸದಕ್ಕೆ ಆಧಾರವಾದ ಪದಕೋಶ ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು. ಅದರಲ್ಲಿ ಒಂದೊಂದು ರುಚಿಗೆ ಮಾದರಿಯಾಗಿ ಹೆಸರಿಸಿದ್ದರಲ್ಲಿ ಬಹಳಷ್ಟು ಅಲ್ಲಿನ ಸೂಪರ್‌ಮಾರ್ಕೆಟ್ಟಿನ ಡಬ್ಬಿ-ಬಾಟಲಿಗಳೇ. ಹಾಗಾಗಿ ಮೂಡಿಗೆರೆಯ ಕಾಫಿಯಲ್ಲಿ ಬ್ಲೂಬೆರಿ ಸಿಗುತ್ತದೆ, ನೇರಳೆ ಸಿಗುವುದಿಲ್ಲ. ಮೇಪಲ್ ಪಾಕ ಸಿಗುತ್ತದೆ, ಜೋನಿಬೆಲ್ಲ ಸಿಗುವುದಿಲ್ಲ. ನೆಲ್ಲಿಕಾಯಿ ತಿಂದು ನೀರು ಕುಡಿದಾಗಿನ ರುಚಿ, ಪುನರ್ಪುಳಿಯ ಹುಳಿ, ಅಡಕೆಯ ಒಗರು, ಇವು ಆ ಚಕ್ರದಲ್ಲಿಲ್ಲ. ಒಗರು ಎಂಬ ನಮ್ಮ ಪದದಲ್ಲಿ ಮೆಚ್ಚುಗೆಯೂ ಇದೆ, ತಕರಾರೂ ಇದೆ. ಅವರಲ್ಲಿ ಅದು ಬರೀ ತಕರಾರು. ತನ್ನ ಗಿಡದ ರುಚಿಯನ್ನು ತನ್ನ ಮಾತಲ್ಲಿ ಹೇಳಲಾಗದ ಬೆಳೆಗಾರ ಅಂಕದ ಬಗ್ಗೆ ವಾದ ಮಾಡುವುದಾದರೂ ಹೇಗೆ?

ಕಣದಲ್ಲಿ ಔಟ್‌ಟರ್ನ್

ಇನ್ನೊಂದು ತುದಿಗೆ ಬನ್ನಿ. ಜನವರಿ, ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲು. ಮಾವನ ತೋಟದಲ್ಲಿ ಹಣ್ಣನ್ನು ಕಣದಲ್ಲಿ ಹರವಿ, ದಿನಕ್ಕೆ ನಾಲ್ಕಾರು ಸಲ ಎಳೆದು, ಸಂಜೆ ಗುಡ್ಡೆ ಹಾಕಿ ಮುಚ್ಚಿ, ಬೆಳಗ್ಗೆ ಮತ್ತೆ ಹರವಿ ಒಣಗಿಸುತ್ತಾರೆ. ನಡುವೆ ಅಕಾಲದ ಮಳೆ ಬಂದರೆ ಮನೆಯವರೆಲ್ಲ ಟಾರ್ಪಾಲು ಹಿಡಿದು ಓಡಬೇಕು. ಒಣಗಿದ ಚೆರಿಯನ್ನು ಮೂಟೆ ಕಟ್ಟಿ ವ್ಯಾಪಾರಿಗೆ ಹಾಕುತ್ತಾರೆ. ವ್ಯಾಪಾರಿ ಮಾದರಿ ತೆಗೆದು ಸಿಪ್ಪೆ ಬಿಡಿಸಿ ತೂಗುತ್ತಾನೆ, ತೇವಾಂಶ ನೋಡುತ್ತಾನೆ. ಐವತ್ತು ಕೆಜಿ ಚೆರಿಯಲ್ಲಿ ಎಷ್ಟು ಕೆಜಿ ಬೀಜ ಹೊರಡುತ್ತದೆ ಎಂಬ ಲೆಕ್ಕಕ್ಕೆ ಔಟ್‌ಟರ್ನ್, ತೋಟದವರ ಬಾಯಲ್ಲಿ ಓಟಿ. ಓಟಿ ಇಪ್ಪತ್ತಾರು ಬಂತೋ ಇಪ್ಪತ್ತೆಂಟು ಬಂತೋ ಎಂಬುದರ ಮೇಲೆ ಮೂಟೆಯ ದುಡ್ಡು. ಆ ದಿನದ ರೇಟು ಲಂಡನ್ ಮಾರುಕಟ್ಟೆಯ ನೆರಳು. ಈ ಇಡೀ ವ್ಯವಹಾರದಲ್ಲಿ ಒಬ್ಬರೂ ಒಂದು ಗುಟುಕು ಕಾಫಿ ಕುಡಿದು ನೋಡುವುದಿಲ್ಲ.

ಅಲ್ಲಿಂದ ಮುಂದೆ ಹತ್ತಾರು ತೋಟದ ಮೂಟೆಗಳು ಒಂದೇ ಗೋದಾಮಿನಲ್ಲಿ ಸೇರುತ್ತವೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಜರಡಿ ಹಿಡಿದು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ‘ಪ್ಲಾಂಟೇಷನ್ ಎ’ ಎಂಬ ಹೆಸರು ಕೇಳಿ ರುಚಿಯಲ್ಲಿ ಮೊದಲ ದರ್ಜೆ ಅಂದುಕೊಳ್ಳುವವರು ನಮ್ಮಲ್ಲಿ ಬಹಳ ಜನ. ಎ ಎಂದರೆ ಮುಖ್ಯವಾಗಿ ಕಾಳು ದಪ್ಪ ಎಂದು ಅರ್ಥ. ಸಣ್ಣ ಕಾಳಿನಲ್ಲಿ ರುಚಿ ಇರಬಾರದು ಎಂಬ ನಿಯಮವೇನಿಲ್ಲ, ಜರಡಿಗೆ ನಾಲಿಗೆ ಇಲ್ಲ ಅಷ್ಟೆ.

ಈಗ ಮಾವ ಒಳ್ಳೆಯ ರುಚಿಗಾಗಿ ಏನು ಮಾಡಬಹುದು? ಕೆಂಪು ಹಣ್ಣನ್ನು ಮಾತ್ರ ಆರಿಸಿ ಮೂರ‍್ನಾಲ್ಕು ಸುತ್ತು ಕೊಯ್ಯಿಸಬಹುದು. ಆಳು ಸಿಗುವುದೇ ಕಷ್ಟವಾದ ಕಾಲದಲ್ಲಿ ಒಂದೇ ಸುತ್ತಿಗೆ ಹಸಿರು ಕೆಂಪು ಎಲ್ಲ ಸೇರಿಸಿ ಸೆಳೆದು ಮುಗಿಸುವುದರ ಮುಂದೆ ಇದರ ಖರ್ಚು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಪಲ್ಪರ್ ಹಾಕಿಸಬಹುದು, ಅದಕ್ಕೆ ನೀರು ಬೇಕು. ಎತ್ತರದ ಜಾಲರಿ ಮಂಚದ ಮೇಲೆ ಒಣಗಿಸಬಹುದು, ಅದಕ್ಕೆ ಬಂಡವಾಳ ಬೇಕು. ಇಷ್ಟೆಲ್ಲ ಮಾಡಿ ಮೂಟೆ ಒಯ್ದರೆ ಅದೇ ವ್ಯಾಪಾರಿ, ಅದೇ ಓಟಿ. ನಾನೊಮ್ಮೆ ಫೋನಿನಲ್ಲಿ ಈ ಕಪ್ಪಿಂಗ್ ಅಂಕದ ಕತೆಯನ್ನೆಲ್ಲ ವಿವರಿಸಿದಾಗ ಮಾವ ಸಮಾಧಾನದಿಂದ ಕೇಳಿ, ‘ಅಲ್ಲ ಕಣೋ, ಆ ಮಾರ್ಕಿಗೆ ಓಟಿ ಎಷ್ಟು ಹೆಚ್ಚು ಹಿಡೀತಾರೆ?’ ಅಂದರು. ನನ್ನ ಎಂಟೆಕ್‌ನಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಏಕೆಂದರೆ ಮಾರುಕಟ್ಟೆಯಲ್ಲೇ ಇಲ್ಲ.

2024ರ ಕೊನೆಗೆ, 2025ರ ಆರಂಭಕ್ಕೆ ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 5000 ಡಾಲರ್ ದಾಟಿದಾಗ ಈ ವಿಚಾರ ಇನ್ನೂ ಸ್ಪಷ್ಟವಾಯಿತು. ಬ್ರೆಜಿಲ್, ವಿಯೆಟ್ನಾಮಿನ ಬೆಳೆಯ ಭಯಕ್ಕೆ ಬೆಲೆ ಏರಿತೇ ಹೊರತು ನಮ್ಮ ಕಾಫಿ ಒಂದೇ ವರ್ಷದಲ್ಲಿ ರುಚಿಯಾಯಿತು ಎಂದಲ್ಲ. ಅಂಥ ಹೊತ್ತಿನಲ್ಲಿ ಆರಿಸಿ ಕೊಯ್ದವನಿಗೂ ಸೆಳೆದು ಹಾಕಿದವನಿಗೂ ಒಂದೇ ರೇಟು. ಆರಿಸಿದವನು ಪೆದ್ದ ಅನ್ನಿಸಿಕೊಂಡ. ಬೆಲೆ ಬಿದ್ದ ವರ್ಷ ಆ ಖರ್ಚನ್ನು ಮೊದಲು ಉಳಿಸುತ್ತಾರೆ, ಏರಿದ ವರ್ಷ ಬೇಕಿಲ್ಲ ಅನ್ನುತ್ತಾರೆ. ರುಚಿಗೆ ದುಡ್ಡು ಕೊಡದ ವ್ಯವಸ್ಥೆಯಲ್ಲಿ ರುಚಿ ಬೆಳೆಯಲಿ ಎಂದು ಬಯಸುವುದು ಸಂಬಳ ಕೊಡದೆ ಓವರ್‌ಟೈಮ್ ಕೇಳಿದ ಹಾಗೆ.

ಅಂಕದ ಪರವಾಗಿ

‘ಹಾಗಾದರೆ ಅಂಕವೇ ಬೇಡವೇ?’ ಎಂದು ಕೇಳುತ್ತೀರಿ. ಬೇಕು. ಅಂಕ ಇಲ್ಲದ ಕಾಲವನ್ನು ನಮ್ಮವರು ನೋಡಿದ್ದಾರೆ. 1942ರ ಕಾಯ್ದೆಯ ನಂತರ ದಶಕಗಳ ಕಾಲ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು. ಎಲ್ಲರ ಬೀಜವೂ ಒಂದೇ ಸಮುದ್ರಕ್ಕೆ. ಭದ್ರತೆ ಇತ್ತು, ಆದರೆ ತನ್ನ ತೋಟದ ಹೆಸರಿನಲ್ಲಿ ಮಾರುವ ದಾರಿ ಇರಲಿಲ್ಲ. 90ರ ದಶಕದಲ್ಲಿ ಆ ಕಟ್ಟು ಬಿಚ್ಚಿತು. ಆಮೇಲೆ ಹೆಸರು ಮಾಡಿದ ತೋಟಗಳಿಗೆ ಕಪ್ಪಿಂಗ್ ಅಂಕವೇ ಪಾಸ್‌ಪೋರ್ಟ್ ಆಯಿತು. ಕಾಫಿ ಬೋರ್ಡ್ ನಡೆಸುವ ‘ಫ್ಲೇವರ್ ಆಫ್ ಇಂಡಿಯಾ’ ಸ್ಪರ್ಧೆಯಿಂದ ಬೆಳಕಿಗೆ ಬಂದ ಬೆಳೆಗಾರರಿದ್ದಾರೆ. ಅದನ್ನು ಅಲ್ಲಗಳೆಯುವುದಿಲ್ಲ.

ಅಂಕವೂ ರೇಟೂ ಒಟ್ಟಿಗೆ ನಡೆದ ಉದಾಹರಣೆಗಳೂ ಇವೆ. 1999ರಲ್ಲಿ ಬ್ರೆಜಿಲ್‌ನಲ್ಲಿ ಶುರುವಾದ ‘ಕಪ್ ಆಫ್ ಎಕ್ಸಲೆನ್ಸ್’ ನೋಡಿ. ತೋಟದ ಹೆಸರು ಮುಚ್ಚಿಟ್ಟು ಹಲವರು ಹಲವು ಸುತ್ತು ರುಚಿ ನೋಡುತ್ತಾರೆ, ಗೆದ್ದ ಕಾಫಿಯನ್ನು ಬೆಳೆದವನ ಹೆಸರಿನಲ್ಲೇ ಬಹಿರಂಗ ಹರಾಜು ಹಾಕುತ್ತಾರೆ. ಅಂಕ ಎಷ್ಟು, ಹರಾಜಿನ ಬೆಲೆ ಎಷ್ಟು, ಎರಡನ್ನೂ ಯಾರು ಬೇಕಾದರೂ ಓದಬಹುದು. 2004ರಲ್ಲಿ ಪನಾಮಾದ ಎಸ್ಮೆರಾಲ್ಡಾ ತೋಟದ ಗೇಶಾ ತಳಿ ಇಂಥದ್ದೇ ಸ್ಪರ್ಧೆಯಲ್ಲಿ ಗೆದ್ದು ಪೌಂಡಿಗೆ 21 ಡಾಲರಿಗೆ ಹೋಯಿತು. ಆಗ ನ್ಯೂಯಾರ್ಕಿನ ಸಾಮಾನ್ಯ ಬೆಲೆ ಒಂದು ಡಾಲರಿನೊಳಗೇ ಇತ್ತು. ತೋಟದ ಮೂಲೆಯಲ್ಲಿದ್ದ ಒಂದು ತಳಿಯ ಗಿಡಕ್ಕೆ ಅಂಕ ಬೆಲೆ ತಂದುಕೊಟ್ಟದ್ದು ಹೀಗೆ.

ನನ್ನ ವಾದಕ್ಕೆ ಇದೇ ಸಾಕ್ಷಿ. ಅಂಕದ ಪಕ್ಕದಲ್ಲಿ ಬೆಲೆ ಬರೆದರೆ ಅದು ಬೆಳೆಗಾರನ ಆಯುಧ. ಬೆಲೆ ಮುಚ್ಚಿಟ್ಟು ಅಂಕ ಮಾತ್ರ ತೋರಿಸಿದರೆ ಅದು ಅಂಗಡಿಯವನ ಜಾಹೀರಾತು. ಮತ್ತೆ, ಸ್ಪರ್ಧೆಯ ತನಕ ಹೋಗಬಲ್ಲವರು ಎಷ್ಟು ಜನ? ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿನೊಳಗಿನವು. ಪೊಟ್ಟಣದ ಮೇಲೆ ಹೆಸರು ಬರುವುದು ಕೆಲವೇ ತೋಟಗಳದ್ದು. ಉಳಿದವರ ಕಾಫಿ ಹೆಸರಿಲ್ಲದೆ, ಅಂಕವಿಲ್ಲದೆ, ಓಟಿಯ ಮೇಲೆ ಹೋಗುತ್ತದೆ.

ನಾವು ಕೇಳಬೇಕಾದ್ದು

ನಗರದ ನಾವು ಈ ಆಟದಲ್ಲಿ ಬರೀ ಪ್ರೇಕ್ಷಕರಲ್ಲ. ಕಾಲು ಕೆಜಿಗೆ ಐನೂರು, ಆರುನೂರು ರೂಪಾಯಿ ಕೊಡುವವರು ನಾವೇ. ಹಾಲು ಕೇಳಿದರೆ ‘ಸರ್, ಇದಕ್ಕೆ ಹಾಲು ಹಾಕಿದರೆ ಕಾಫಿ ಹಾಳು’ ಎಂದು ಕೌಂಟರಿನ ಹುಡುಗ ಹೇಳಿದಾಗ ತಲೆಯಾಡಿಸಿ, ಹುಳಿಹುಳಿ ಕಾಫಿಯನ್ನು ಮುಖ ಸಿಂಡರಿಸದೆ ಕುಡಿಯುವವರೂ ನಾವೇ. ಆಮೇಲೆ ಊರಿಗೆ ಹೋದಾಗ ಅತ್ತೆ ಕೊಟ್ಟ ಚಿಕೋರಿ ಕಾಫಿಗೆ ಮೂಗು ಮುರಿಯುವುದನ್ನೂ ಕಲಿತಿದ್ದೇವೆ. ತಿಳಿ ಕಾಫಿ ಇಷ್ಟವಾದರೆ ಸಂತೋಷವಾಗಿ ಕುಡಿಯಿರಿ, ನನಗೂ ಕೆಲವು ದಿನ ಹಿಡಿಸುತ್ತದೆ. ಆದರೆ ಬೇರೆಯವರ ಗಿರಾಕಿಗೆಂದು ಮಾಡಿದ ಅಳತೆಗೋಲಿನಿಂದ ನಿಮ್ಮ ನಾಲಿಗೆಯನ್ನು ಅಳೆದುಕೊಂಡು ನಾಚಬೇಡಿ.

ಮಾರುವವರಿಗೆ ನನ್ನ ಬೇಡಿಕೆ ಮೂರು. ಒಂದು: ಪೊಟ್ಟಣದ ಮೇಲೆ ಅಂಕ ಹಾಕುವುದಾದರೆ ಯಾವ ನಮೂನೆ, ಎಷ್ಟು ಜನ ರುಚಿ ನೋಡಿದರು, ಅವರು ಹೊರಗಿನವರೋ ಮಾರುವವರ ಸಂಬಳದವರೋ, ಯಾವ ತಿಂಗಳು ನೋಡಿದ್ದು ಎಂದೂ ಹಾಕಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪಾಲು ಇರಬೇಕು, ಎಷ್ಟು ಪಾಲು ಎಂದು ಪೊಟ್ಟಣದ ಮೇಲೆ ಬರೆಯಬೇಕು ಎಂಬ ಕಾನೂನು ಬಡಪಾಯಿ ಫಿಲ್ಟರ್ ಪುಡಿಗೆ ಇದೆ. ದುಬಾರಿ ಪುಡಿಯ 84.5 ಎಲ್ಲಿಂದ ಬಂತು ಎಂದು ಹೇಳಬೇಕೆಂಬ ಕನಿಷ್ಠ ಮರ್ಯಾದೆಯಾದರೂ ಬೇಡವೇ? ಎರಡು: ಅಂಕದ ಪಕ್ಕದಲ್ಲೇ ಬೆಳೆಗಾರನಿಗೆ ಕೆಜಿಗೆ ಎಷ್ಟು ಕೊಟ್ಟಿರಿ, ಆ ವಾರದ ಮಾರುಕಟ್ಟೆ ರೇಟು ಎಷ್ಟಿತ್ತು ಎಂದು ಬರೆಯಿರಿ. ಎತ್ತರ, ತಳಿ, ಮಲ್ಲಿಗೆ ಎಲ್ಲಕ್ಕೂ ಜಾಗವಿದೆ, ಈ ಎರಡು ಅಂಕಿಗೂ ಜಾಗ ಸಿಗುತ್ತದೆ. ಮೂರು: ನಮ್ಮ ಲೋಟಕ್ಕೆ ನಮ್ಮದೇ ಪರೀಕ್ಷೆ ಬೇಕು. ಕಾಫಿ ಬೋರ್ಡಿಗೆ ಪ್ರಯೋಗಾಲಯವಿದೆ, ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರವಿದೆ, ರುಚಿ ನೋಡುವುದನ್ನು ಕಲಿಸುವ ಕೋರ್ಸುಗಳಿವೆ. ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ, ಗಟ್ಟಿ, ತೆಳು, ಒಗರು, ಘಾಟು, ಕಮಟು ಎಂಬ ನಮ್ಮ ಪದಗಳ ಕಾಲಂ ಹಾಕಿದ ಒಂದು ನಮೂನೆ ಮಾಡಲು ಯಾರ ಅಪ್ಪಣೆ ಬೇಕು? ಉಗಾಂಡದವರು ಸೇರಿ ರೊಬಸ್ಟಾಕ್ಕೆ ಕಾಲಂ ಬದಲಿಸಿದರು. ದಿನಕ್ಕೆರಡು ಸಲ ಕುಡಿಯುವ ನಮಗೆ ಆಗದೇ?

ಇವು ದೊಡ್ಡ ಕ್ರಾಂತಿಯ ಮಾತುಗಳಲ್ಲ. ಬೆಲೆ ಬಹಿರಂಗ ಮಾಡುವ ಅಂಗಡಿಗಳು ಬೇರೆ ದೇಶಗಳಲ್ಲಿ ಈಗಲೇ ಇವೆ. ಇಲ್ಲಿ ಆಗದಿರುವುದಕ್ಕೆ ಕಾರಣ, ಗಿರಾಕಿ ಕೇಳಿಲ್ಲ. ನಮ್ಮ ಗುಂಪುಗಳಲ್ಲಿ ಒಬ್ಬೊಬ್ಬರೂ ತಿಂಗಳಿಗೆ ಒಂದು ಪೊಟ್ಟಣ ಕೊಳ್ಳುವವರೇ. ಮುಂದಿನ ಸಲ ಕೌಂಟರಿನ ಮುಂದೆ ನಿಂತಾಗ ಅಂಕ ಎಷ್ಟು ಎಂದು ಕೇಳುವ ಮೊದಲು ತೋಟದವರಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿ. ಗೊತ್ತಿಲ್ಲ ಎಂದರೆ ತಿಳಿದು ಹೇಳಲು ಹೇಳಿ, ಮುಂದಿನ ತಿಂಗಳು ಮತ್ತೆ ಕೇಳಿ. ಉತ್ತರ ಬಾರದ ಕಡೆ ಅಂಕ 84.5 ಇರಲಿ, 94 ಇರಲಿ, ಪೊಟ್ಟಣವನ್ನು ಅಲ್ಲೇ ಬಿಟ್ಟು ಬನ್ನಿ.